ಕಚೇರಿಯ ಅಕ್ರಮ: ಕೈಗಾದವರು ಎಲ್ಲಿಗೆ, ಕಾರವಾರದ ಸರ್ಕಾರಿ ನೌಕರರು ಎಲ್ಲಿಗೆ?

ಕಣ್ಣೆದುರೇ ಲಂಚ ನಡೆಯುತ್ತಿದೆ, ಹೇಳಿದರೆ ಕೆಲಸಕ್ಕೆ ಕುತ್ತು. ಈ ಭಯ ಸುಮ್ನೆ ಬಂದದ್ದಲ್ಲ. ದೂರುದಾರರ ರಕ್ಷಣೆಗೆಂದೇ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಆದರೆ ಅದು ಜಾರಿಗೇ ಬಂದಿಲ್ಲ. ಹಾಗಾಗಿ ದಾರಿ ನೋಡಿಕೊಂಡು ಆರಿಸಬೇಕು.

ನೀವು ಕೈಗಾ ಅಣು ಸ್ಥಾವರದಲ್ಲೋ ಬೇರೆ ಕೇಂದ್ರ ಸಂಸ್ಥೆಯಲ್ಲೋ ಇದ್ದರೆ, ಭ್ರಷ್ಟಾಚಾರದ ದೂರಿಗೆ 2004ರ ಪಿಐಡಿಪಿಐ ವ್ಯವಸ್ಥೆ ಇದೆ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡುವವರನ್ನು ಕಾಪಾಡುವ ಕೇಂದ್ರ ಸರ್ಕಾರದ ಏರ್ಪಾಡು. ದೂರು ದೆಹಲಿಯ ಕೇಂದ್ರ ಜಾಗೃತ ಆಯೋಗಕ್ಕೆ ಹೋಗುತ್ತದೆ. ಅಂಟಿಸಿದ ಲಕೋಟೆಯ ಮೇಲೆ 'ಪಿಐಡಿಪಿಐ' ಎಂದು ಬರೆಯಿರಿ, ನಿಮ್ಮ ಹೆಸರು ಬೇಡ. ಹೆಸರು, ವಿಳಾಸ ಒಳಗಿನ ಕಾಗದದಲ್ಲಿರಲಿ. ಅನಾಮಧೇಯ ಪತ್ರವನ್ನು ಅವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಗುರುತನ್ನು ಆಯೋಗ ಗುಟ್ಟಾಗಿಡುತ್ತದೆ. ಕಿರುಕುಳ ಶುರುವಾದರೆ ಮತ್ತೆ ಅಲ್ಲಿಗೇ ಹೇಳಬಹುದು. ಆದರೆ ನೀವೇ ಊರಿಗೆಲ್ಲ ಹೇಳಿದರೆ ಆ ಗುಟ್ಟು ಉಳಿಯುವುದಿಲ್ಲ, ಅಲ್ವಾ?

ರಾಜ್ಯ ಸರ್ಕಾರದ ನೌಕರರಿಗೆ ಈ ದಾರಿ ಇಲ್ಲ. ಅವರಿಗಿರುವುದು ಲೋಕಾಯುಕ್ತ. ಊರಿಗೆ ಹತ್ತಿರ, ನಿಜ. ಆದರೆ ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ತನಿಖೆಗೆ ತೆಗೆದುಕೊಂಡರೆ ದೂರಿನ ಪ್ರತಿ ಸಾಮಾನ್ಯವಾಗಿ ಆರೋಪಿ ಅಧಿಕಾರಿಗೂ ಹೋಗುತ್ತದೆ. ಹೆಸರು ಬಯಲಾದೀತು ಎಂದುಕೊಂಡೇ ಹೆಜ್ಜೆ ಇಡಿ. ದಾಖಲೆ ಕೈಯಲ್ಲಿಲ್ಲದೆ ಹೋಗಬೇಡಿ ಎಂಬುದು ನನ್ನ ಕಳಕಳಿ.

ಖಾಸಗಿಯಲ್ಲಿ, ಷೇರುಪೇಟೆಯಲ್ಲಿರುವ ಕಂಪನಿಗಳು ದೂರಿನ ವ್ಯವಸ್ಥೆ ಇಡಲೇಬೇಕು. ಸಣ್ಣ ಸಂಸ್ಥೆಗಳಿಗೆ ಆ ಕಡ್ಡಾಯವಿಲ್ಲ. ಅಲ್ಲಿ ಮೊದಲು ವಕೀಲರನ್ನು ಕಾಣುವುದೇ ಒಳ್ಳೆಯದು.