ಹಳೆಯ ಎಲೆಕ್ಟ್ರಿಕ್ ಗಿಟಾರ್: ನುಡಿಸುವವರು ಯಾವುದನ್ನು ಕೊಳ್ಳಬೇಕು?

ಹಳೆಯ ಎಲೆಕ್ಟ್ರಿಕ್ ಗಿಟಾರ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು 1954ರಲ್ಲಿ ಹೊರಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನ ಮೊದಲ ವರ್ಷಗಳ ಗಿಟಾರ್‌ಗಳು ಮತ್ತು 1958ರಿಂದ 1960ರವರೆಗೆ ತಯಾರಾದ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್‌ಗಳು. ಅವು ಎಂದೋ ಸಂಗ್ರಹಕಾರರ ಪಾಲಾಗಿವೆ. ನುಡಿಸಲೆಂದು ಗಿಟಾರ್ ಹುಡುಕುವವರಿಗೆ ಅವು ಸಿಗುವುದು ದುರ್ಲಭ. ಸಿಕ್ಕರೂ ಎಲ್ಲಿ ಗೀರು ಬಿದ್ದೀತೋ ಎಂಬ ಅಂಜಿಕೆಯಲ್ಲಿ ನುಡಿಸುವ ಸುಖವೇ ಹೋಗುತ್ತದೆ. ನಿಜವಾದ ಆಯ್ಕೆ ಇರುವುದು ಆಮೇಲಿನ ಮೂರು ಗುಂಪುಗಳ ನಡುವೆ: 1970ರ ದಶಕದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್, ಅದೇ ಕಾಲದ ಗಿಬ್ಸನ್ ಲೆಸ್ ಪಾಲ್, ಮತ್ತು 1982ರಿಂದ 1984ರವರೆಗೆ ಜಪಾನಿನಲ್ಲಿ ತಯಾರಾದ, ಕ್ರಮಸಂಖ್ಯೆ ‘ಜೆವಿ’ ಎಂದು ಆರಂಭವಾಗುವ, ಫೆಂಡರ್‌ನದೇ ಇನ್ನೊಂದು ಹೆಸರಾದ ಸ್ಕ್ವಾಯರ್. ಮೂರರಲ್ಲಿ ನನ್ನ ಒಲವು ಜಪಾನಿನದರ ಕಡೆಗಿದೆ. ಅದಕ್ಕೆ ಕಾರಣ ಹೆಸರೂ ಅಲ್ಲ, ವಯಸ್ಸೂ ಅಲ್ಲ, ಅದರ ನೆಕ್, ಅಂದರೆ ತಂತಿಗಳು ಹಾದುಹೋಗುವ ಉದ್ದನೆಯ ಕತ್ತು.

ಬಳಸಿದ ಗಿಟಾರ್‌ನಲ್ಲಿ ನಾವು ಕೊಳ್ಳುವುದು ಮುಖ್ಯವಾಗಿ ನೆಕ್ಕನ್ನೇ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಸತ್ತಿದ್ದರೆ ಅದರ ಸುರುಳಿಯನ್ನು ಮತ್ತೆ ಸುತ್ತಿಸಬಹುದು, ದನಿ ಹೆಚ್ಚುಕಡಿಮೆ ಮಾಡುವ ತಿರುಗುಣಿಯಾದ ಪಾಟ್ ಕರಕರ ಎಂದರೆ ಬದಲಿಸಬಹುದು, ಶ್ರುತಿ ಮಾಡುವ ಕೀಲಿಗಳು ಸಡಿಲವಾಗಿದ್ದರೆ ಬೇರೆ ಹಾಕಬಹುದು. ತಿರುಚಿಕೊಂಡ ನೆಕ್ಕಿಗೆ ಇಷ್ಟು ಸುಲಭದ ಮದ್ದಿಲ್ಲ. ಆದ್ದರಿಂದ ಗಿಟಾರ್ ಕೈಗೆ ಬಂದ ತಕ್ಷಣ ಆಂಪ್ಲಿಫೈಯರ್‌ಗೆ ಜೋಡಿಸುವ ಆತುರ ಬೇಡ. ತಂತಿಗಳು ಸರಿಯಾದ ಶ್ರುತಿಯಲ್ಲಿರುವಾಗಲೇ ಆರನೆಯ, ಅಂದರೆ ಅತಿ ದಪ್ಪ ತಂತಿಯನ್ನು ಒಂದು ಕೈಯಿಂದ ಮೊದಲ ಫ್ರೆಟ್‌ನಲ್ಲಿಯೂ (ಫ್ರೆಟ್ ಎಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇನ್ನೊಂದು ಕೈಯಿಂದ ಕೊನೆಯ ಫ್ರೆಟ್‌ನಲ್ಲಿಯೂ ಒತ್ತಿ ಹಿಡಿದು, ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದಿ ಉಳಿದಿದೆ ಎಂದು ನೋಡಬೇಕು. 0.2ರಿಂದ 0.3 ಮಿಲಿಮೀಟರ್ ಇದ್ದರೆ ಸರಿ. ಬಳಿಕ ಅತಿ ತೆಳುವಾದ ಒಂದನೆಯ ತಂತಿಯ ಮೇಲೂ ಇದನ್ನೇ ಮಾಡಬೇಕು. ಎರಡು ಬದಿಯ ಅಳತೆಗಳು ಸ್ಪಷ್ಟವಾಗಿ ಬೇರೆಬೇರೆಯಾಗಿದ್ದರೆ ನೆಕ್ ತಿರುಚಿಕೊಂಡಿರುವ ಸಂಭವ ಹೆಚ್ಚು. ಸಂದಿ ಅತಿಯಾಗಿದ್ದರೂ, ನೆಕ್ಕಿನೊಳಗಿದ್ದು ಅದರ ಬಾಗನ್ನು ಸರಿಪಡಿಸುವ ಕಂಬಿಯಾದ ಟ್ರಸ್ ರಾಡ್‌ನ ನಟ್ಟು ಇನ್ನೂ ತಿರುಗುವಂತಿದ್ದರೆ ಚಿಂತೆಯಿಲ್ಲ. ಆದರೆ ನಟ್ಟನ್ನು ಪೂರ್ತಿ ಬಿಗಿದ ಮೇಲೂ ಬಾಗು ಉಳಿದಿದ್ದರೆ, ಮಾರುವವರು ಎಷ್ಟೇ ರಿಯಾಯಿತಿ ಕೊಟ್ಟರೂ ಆ ಗಿಟಾರ್ ಬೇಡ.

ಇನ್ನೊಂದು ದೋಷ ಕಣ್ಣಿಗೆ ಬೇಗ ಬೀಳುವುದಿಲ್ಲ. ನೆಕ್ ಬಾಡಿಗೆ ಸೇರುವ ಕಡೆ, ಹದಿನಾಲ್ಕನೆಯ ಫ್ರೆಟ್‌ನಿಂದಾಚೆ, ಮರ ನಿಧಾನವಾಗಿ ಮೇಲಕ್ಕೆದ್ದಿರುತ್ತದೆ. ಇದನ್ನು ಪತ್ತೆ ಹಚ್ಚಲು ಒಂದನೆಯ ತಂತಿಯನ್ನು ಹನ್ನೆರಡರಿಂದ ಹದಿನೇಳರವರೆಗಿನ ಪ್ರತಿ ಫ್ರೆಟ್‌ನಲ್ಲಿಯೂ ಒಂದು ಪೂರ್ಣ ಸ್ವರದಷ್ಟು ಎಳೆದು, ನಾದ ಕೊನೆಯವರೆಗೆ ಉಳಿಯುತ್ತದೆಯೇ ಎಂದು ಕೇಳಬೇಕು. ನಡುವೆಯೇ ಉಸಿರುಗಟ್ಟಿದಂತೆ ನಾದ ನಿಂತರೆ ಎರಡು ಕಾರಣಗಳಿರಬಹುದು. ಹಳೆಯ ಫೆಂಡರ್ ಮಾದರಿಯ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್‌ಗಳು ಕೂರುವ ಹಲಗೆ, 7.25 ಇಂಚಿನ ರೇಡಿಯಸ್‌ನ ವೃತ್ತದ ತುಣುಕಿನಷ್ಟು ಉಬ್ಬಿರುವುದರಿಂದ, ತಂತಿಗಳನ್ನು ತೀರ ಕೆಳಗಿಳಿಸಿದರೆ ಒಳ್ಳೆಯ ನೆಕ್ಕಿನಲ್ಲೂ ಹೀಗಾಗುತ್ತದೆ; ತಂತಿಗಳು ಬಾಡಿಯ ಮೇಲೆ ಕೂರುವ ಬ್ರಿಡ್ಜ್ ಸ್ವಲ್ಪ ಎತ್ತರಿಸಿದರೆ ಅದು ಸರಿಹೋಗುತ್ತದೆ. ಎತ್ತರಿಸಿದ ಮೇಲೂ ನಿಂತರೆ ಮರ ಎದ್ದಿರುವ ಸಂಭವವೇ ಹೆಚ್ಚು, ಆಗ ಫ್ರೆಟ್‌ಗಳನ್ನು ಕಿತ್ತು ಬೋರ್ಡ್ ಸಮ ಮಾಡಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಫ್ರೆಟ್‌ಗಳು ಮೂಲದವು ಎಂಬುದನ್ನು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಕೊರೆದ ಹಳ್ಳಗಳಿರುವ ಮೂಲ ಫ್ರೆಟ್‌ಗಳಿಗಿಂತ ಅಚ್ಚುಕಟ್ಟಾಗಿ ಹಾಕಿಸಿದ ಹೊಸ ಫ್ರೆಟ್‌ಗಳೇ ನುಡಿಸುವವರಿಗೆ ಲಾಭ.

ಈಗ ಫೆಂಡರ್ ವಿಷಯ. 1965ರ ಜನವರಿಯಲ್ಲಿ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋದ ಮೇಲೆ ತಯಾರಾದದ್ದೆಲ್ಲ ಕಳಪೆ ಎಂಬ ಮಾತು ಉತ್ಪ್ರೇಕ್ಷೆ, ಆದರೆ ಬುಡವಿಲ್ಲದ ಮಾತಲ್ಲ. 1971ರ ಕೊನೆಯ ಹೊತ್ತಿಗೆ ಸ್ಟ್ರಾಟೋಕ್ಯಾಸ್ಟರ್‌ನ ನೆಕ್ಕನ್ನು ಬಾಡಿಗೆ ಬಿಗಿಯುವ ನಾಲ್ಕು ಸ್ಕ್ರೂಗಳ ಬದಲು ಮೂರರ ವ್ಯವಸ್ಥೆ ಬಂತು. ಜೊತೆಗೆ ನೆಕ್ಕಿನ ಕೋನ ಬದಲಿಸುವ ಪುಟ್ಟ ಸ್ಕ್ರೂ ಮತ್ತು ಕೀಲಿಗಳಿರುವ ತಲೆಯಾದ ಹೆಡ್‌ಸ್ಟಾಕ್‌ನ ಕಡೆಯಿಂದಲೇ ತಿರುಗಿಸಬಹುದಾದ ಟ್ರಸ್ ರಾಡ್ ಬಂದವು. ಇವೆರಡೂ ಒಳ್ಳೆಯ ಉಪಾಯಗಳು; ಹಳೆಯ ಮಾದರಿಗಳಲ್ಲಿ ರಾಡ್ ತಿರುಗಿಸಲು ಅನೇಕ ವೇಳೆ ನೆಕ್ಕನ್ನೇ ಬಿಚ್ಚಬೇಕು. ತೊಂದರೆ ಇದ್ದದ್ದು ನೆಕ್ ಕೂರುವ ಗುಳಿಯನ್ನು ಕೊರೆಯುವುದರಲ್ಲಿ. ಗುಳಿ ಅಗಲವಾಗಿದ್ದರೆ ಮೂರು ಸ್ಕ್ರೂಗಳು ನೆಕ್ಕನ್ನು ಹಿಡಿದಿಡಲಾರವು. ಬಾಡಿಯನ್ನು ತೊಡೆಯ ಮೇಲೆ ಒತ್ತಿಕೊಂಡು ಹೆಡ್‌ಸ್ಟಾಕನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರೆ ಅಂಥ ಗಿಟಾರ್‌ನಲ್ಲಿ ಒಂದನೆಯ ತಂತಿ ಫ್ರೆಟ್‌ಬೋರ್ಡ್‌ನ ಅಂಚಿಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ದಪ್ಪ ಪಾಲಿಯೆಸ್ಟರ್ ಲೇಪ ಮತ್ತು ಭಾರವಾದ ಆ್ಯಶ್ ಮರ ಈ ಕಾಲದ ಇನ್ನೆರಡು ಲಕ್ಷಣಗಳು. ನಾಲ್ಕೂವರೆ ಕಿಲೋ ದಾಟುವ ಗಿಟಾರ್ ನಿಂತು ನುಡಿಸುವವರ ಭುಜಕ್ಕೆ ಹಿತವಲ್ಲ. ಗುಳಿ ಬಿಗಿಯಾಗಿದ್ದು ತೂಕ ಹದವಾಗಿರುವ ಒಂದು ಸಿಕ್ಕರೆ ಮಾತ್ರ ಅದು ಅಪ್ಪಟ ಸ್ಟ್ರಾಟೋಕ್ಯಾಸ್ಟರ್; ಸಿಗುವವರೆಗೆ ತಾಳ್ಮೆ ಬೇಕು.

ಗಿಬ್ಸನ್ ನಾರ್ಲಿನ್ ಕಂಪನಿಯ ಒಡೆತನದಲ್ಲಿದ್ದ ಈ ಕಾಲದ ಲೆಸ್ ಪಾಲ್‌ಗಳಲ್ಲಿ ಕೆಲವಕ್ಕೆ ಎರಡು ಮಹಾಗನಿ ಹಲಗೆಗಳ ನಡುವೆ ತೆಳುವಾದ ಮೇಪಲ್ ಪದರ ಸೇರಿಸಿದ ಬಾಡಿಯಿದೆ, ನೆಕ್ ಮೂರು ತುಂಡುಗಳದ್ದು, ಹೆಡ್‌ಸ್ಟಾಕ್‌ನ ಹಿಂದೆ ಮರವನ್ನು ಬಲಪಡಿಸುವ ಒಂದು ಉಬ್ಬು. ಸಂಗ್ರಹಕಾರರು ಇವನ್ನು ಕಂಡು ಮೂಗು ಮುರಿಯುತ್ತಾರೆ. ನನಗಂತೂ ಆ ಉಬ್ಬು ಗುಣವಾಗಿಯೇ ಕಾಣುತ್ತದೆ, ಏಕೆಂದರೆ ಗಿಬ್ಸನ್ ಗಿಟಾರ್‌ಗಳ ಹುಟ್ಟುದೋಷವೇ ಹಿಂದಕ್ಕೆ ವಾಲಿದ ಹೆಡ್‌ಸ್ಟಾಕ್: ಗಿಟಾರ್ ಕೆಳಗೆ ಬಿದ್ದರೆ ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ಪಟ್ಟಿಯಾದ ನಟ್‌ನ ಹಿಂಭಾಗದಲ್ಲೇ ಮುರಿಯುತ್ತದೆ. ಹಿಂಬದಿಗೆ ದೀಪವನ್ನು ಓರೆಯಾಗಿ ಹಿಡಿದು ಆ ಜಾಗದಲ್ಲಿ ಕೂದಲೆಳೆಯ ಬಿರುಕನ್ನೋ ಬಣ್ಣದ ವ್ಯತ್ಯಾಸವನ್ನೋ ಹುಡುಕಬೇಕು. ಅಲ್ಟ್ರಾವಯೊಲೆಟ್ ದೀಪವಿದ್ದರೆ ಆಮೇಲೆ ಬಳಿದ ಬಣ್ಣ ಪಟ್ಟೆಯಂತೆ ಬೇರೆಯಾಗಿ ಕಾಣುತ್ತದೆ. ಮುರಿದು ಚೆನ್ನಾಗಿ ಅಂಟಿಸಿದ ಗಿಟಾರ್ ತಳ್ಳಿಹಾಕುವಂಥದ್ದಲ್ಲ. ಅದರ ಬೆಲೆ ಬಹಳಷ್ಟು ಇಳಿದಿರುತ್ತದೆ, ಒಳ್ಳೆಯ ಅಂಟು ಬಿಡುವುದೂ ಅಪರೂಪ. ಮುಚ್ಚಿಟ್ಟು ಮಾರುವುದು ಮಾತ್ರ ವಂಚನೆ. ಚಿಕ್ಕ ಹಂಬಕರ್‌ಗಳಿದ್ದ (ಎರಡು ಸುರುಳಿಗಳ ಪಿಕಪ್) ಡಿಲಕ್ಸ್ ಮಾದರಿಯಲ್ಲಿ ಯಾರೋ ಮರ ಕೊರೆದು ದೊಡ್ಡ ಪಿಕಪ್ ಕೂರಿಸಿರುವುದೂ ಇಂಥದ್ದೇ: ಸಂಗ್ರಹಕಾರರಿಗೆ ನಷ್ಟ, ನುಡಿಸುವವರಿಗೆ ಚೌಕಾಸಿಯ ಅವಕಾಶ.

ಜಪಾನಿನ ಸ್ಕ್ವಾಯರ್ ಹುಟ್ಟಿದ್ದು ಫೆಂಡರ್‌ನ ಹೆಸರನ್ನು ಜಪಾನೀ ನಕಲುಗಳಿಂದ ಉಳಿಸಿಕೊಳ್ಳುವ ಹಟದಲ್ಲಿ. 1957 ಮತ್ತು 1962ರ ಮಾದರಿಗಳನ್ನು ಫುಜಿಗೆನ್ ಕಾರ್ಖಾನೆ ಮತ್ತೆ ತಯಾರಿಸಿತು, ಮತ್ತು ಆ ಕೆಲಸದ ನಯ ಇಂದು ನೋಡಿದರೂ ಸಂತೋಷವಾಗುತ್ತದೆ. ನಾಲ್ಕು ಸ್ಕ್ರೂಗಳ ನೆಕ್ ಗುಳಿಯಲ್ಲಿ ಅಲುಗದಂತೆ ಕೂತಿರುತ್ತದೆ, ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುವುದಿಲ್ಲ, ಒಂದಕ್ಕೂ ಇನ್ನೊಂದಕ್ಕೂ ಗುಣದಲ್ಲಿ ಅಂತರ ಕಡಿಮೆ. ಯುರೋಪಿಗೆ ಹೋದ ಮೊದಲ ಕೆಲವು ಗಿಟಾರ್‌ಗಳಲ್ಲಿ ಅಮೆರಿಕದ ಪಿಕಪ್‌ಗಳಿದ್ದವು. ಉಳಿದವುಗಳ ಪಿಕಪ್ ಹಿಡಿಸದಿದ್ದರೆ ಬದಲಿಸಿದರಾಯಿತು. ಎಚ್ಚರಿಕೆ ಬೇಕಾದದ್ದು ಕ್ರಮಸಂಖ್ಯೆಯ ವಿಷಯದಲ್ಲಿ. ‘ಜೆವಿ’ ಅಂಕಿ ಇರುವುದು ನೆಕ್ಕಿನ ಹಿಂದಿನ ಲೋಹದ ತಟ್ಟೆಯ ಮೇಲೆ, ಆ ತಟ್ಟೆಯನ್ನು ಸ್ಕ್ರೂಡ್ರೈವರ್ ಇದ್ದ ಯಾರಾದರೂ ಬೇರೊಂದು ಗಿಟಾರ್‌ಗೆ ಹಾಕಬಹುದು.

ಅಮೆರಿಕದ ಗಿಟಾರ್‌ಗಳ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗಿಬ್ಸನ್ 1970ರ ದಶಕದ ಮೊದಲರ್ಧದಲ್ಲಿ ಅದೇ ಅಂಕಿಗಳನ್ನು ಮತ್ತೆ ಮತ್ತೆ ಬಳಸಿತು. 1977ರಿಂದ ಬಂದ ಎಂಟು ಅಂಕಿಗಳ ಪದ್ಧತಿಯಲ್ಲಿ ಮಾತ್ರ ಒಂದನೆಯ ಮತ್ತು ಐದನೆಯ ಅಂಕಿ ವರ್ಷವನ್ನು ಹೇಳುತ್ತವೆ. ಹೆಚ್ಚು ನೆರವಾಗುವುದು ಪಾಟ್‌ಗಳ ಬೆನ್ನಿನ ಅಚ್ಚು. 1377633 ಎಂದಿದ್ದರೆ 137 ಎಂದರೆ ಸಿಟಿಎಸ್ ಕಂಪನಿ, 76 ಎಂದರೆ 1976, 33 ಎಂದರೆ ಆ ವರ್ಷದ ಮೂವತ್ಮೂರನೆಯ ವಾರ. ಪಾಟ್ ಮೂಲದ್ದಾಗಿದ್ದರೆ ಗಿಟಾರ್ ಅದಕ್ಕಿಂತ ಹಿಂದಿನದಾಗಿರಲಾರದು, ಮುಂದಿನದಾಗಿರಬಹುದು. ಫೆಂಡರ್ 1966ರಲ್ಲಿ ಕೊಂಡ ರಾಶಿ ಪಾಟ್‌ಗಳು ಆಮೇಲಿನ ವರ್ಷಗಳ ಗಿಟಾರ್‌ಗಳಲ್ಲೂ ಸಿಗುತ್ತವೆ. ಬೆಸುಗೆಯು ಯಾರೂ ಮುಟ್ಟದ ಹಳೆಯದರಂತೆ ಮಂಕಾಗಿದೆಯೇ ಅಥವಾ ಹೊಸದಾಗಿ ಹೊಳೆಯುತ್ತಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು. ಪಾಟ್‌ಗಳನ್ನು ಮುಚ್ಚಿರುವ ತಟ್ಟೆ (ಫೆಂಡರ್‌ನಲ್ಲಿ ಪಿಕ್‌ಗಾರ್ಡ್) ಬಿಚ್ಚಲು ಒಪ್ಪದವರು ಚಿತ್ರವನ್ನಾದರೂ ಕಳುಹಿಸಬೇಕು. ಅದಕ್ಕೂ ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸುವುದು ಕ್ಷೇಮ. ಒಪ್ಪಂದವಾದ ಮೇಲೆ ಬಿಚ್ಚಿಟ್ಟ ಮೂಲ ಭಾಗಗಳು, ಹಳೆಯ ಪಿಕಪ್, ಕೀಲಿ, ಮುರಿದ ಸ್ವಿಚ್ ಸಹಿತ, ಏನೇ ಇದ್ದರೂ ಕೇಳಿ ಪಡೆಯಬೇಕು, ಏಕೆಂದರೆ ಮುಂದೊಂದು ದಿನ ಆ ಗಿಟಾರ್ ಮಾರುವಾಗ ಕೊಳ್ಳುವವರು ಮೊದಲು ವಿಚಾರಿಸುವುದು ಅವನ್ನೇ.