ಏಳು ಚಳಿಗಾಲ ಕಂಡ ಪೆಲೆಟ್ ಸ್ಟವ್, ಅದರ ಬ್ಲೋವರ್ ಮೋಟರ್

ನ್ಯೂ ಹ್ಯಾಂಪ್‌ಶೈರ್‌ನ ನಮ್ಮ ಮನೆಗೆ ಪೆಲೆಟ್ ಸ್ಟವ್ (ಮರದ ಗುಳಿಗೆ ಉರಿಸಿ ಮನೆ ಬೆಚ್ಚಗಿಡುವ ಒಲೆ) ಬಂದು ಏಳು ಚಳಿಗಾಲ ಕಳೆಯಿತು. ಕೊರೆಯುವ ಚಳಿಯಲ್ಲಿ ದಿನಕ್ಕೊಂದು ಮೂಟೆ, ಅಂದರೆ 40 ಪೌಂಡ್ ಮರದ ಗುಳಿಗೆ ಬೇಕು. ಶಾಖದ ಬಗ್ಗೆ ನನ್ನದೇನೂ ದೂರಿಲ್ಲ. ತಕರಾರೆಲ್ಲ ಬ್ಲೋವರ್‌ದು.

ಇದರಲ್ಲಿ ಬ್ಲೋವರ್, ಅಂದರೆ ಗಾಳಿ ದೂಡುವ ಫ್ಯಾನು, ಎರಡು. ಒಂದು ಹೊಗೆಯನ್ನು ಎಳೆದು ಹೊರಗೆ ತಳ್ಳುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ನಮ್ಮಲ್ಲಿ ಮೊದಲು ಸವೆದದ್ದು ಹೊಗೆಯದು; ಬೂದಿ, ಕಾವು ಎರಡೂ ಅದರ ಪಾಲಿಗೇ. ನಾಲ್ಕನೇ ಚಳಿಗಾಲದಲ್ಲಿ ಬೆಳಗ್ಗೆ ಹೊತ್ತಿಸಿದಾಗ ಕಿರ್ರೆನ್ನುವ ಸದ್ದು ಶುರುವಾಯಿತು, ಐದು ನಿಮಿಷಕ್ಕೆ ತಾನಾಗಿ ಅಡಗುತ್ತಿತ್ತು. ಊರಿಂದ ಬಂದಿದ್ದ ಅಮ್ಮ, "ಎಣ್ಣೆ ಕಾಣದ ಹೊಲಿಗೆ ಮೆಷಿನ್ ಹೀಗೇ ಅರಚೋದು ಕಣೋ, ಬಿಚ್ಚಿ ನೋಡು" ಅಂದರು. ನಾನು ಮುಂದೂಡಿದೆ. ಎರಡೇ ವಾರದಲ್ಲಿ ಗಾಜು ಕಪ್ಪಿಟ್ಟಿತು, ಉರಿ ಮಂಕಾಯಿತು, ಎಳೆತ ಸಾಲದೆ ಸ್ಟವ್ ತಾನೇ ಆರತೊಡಗಿತು.

ರಿಪೇರಿಗೆ ಬಂದವರು ಇಡೀ ಮೋಟರ್ ಬದಲಿಸಿ ಎಂದು 300 ಡಾಲರ್ ಹೇಳಿದರು. ಸ್ಟವ್ ತಣ್ಣಗಾದ ಮೇಲೆ ಪ್ಲಗ್ ಕಿತ್ತು ನಾನೇ ಬಿಚ್ಚಿದೆ. ಫ್ಯಾನಿನ ಎಲೆಗಳಿಗೆ ವಿಭೂತಿಯಂಥ ನುಣುಪು ಬೂದಿ ಮೆತ್ತಿಕೊಂಡಿತ್ತು, ಅದೂ ಒಂದೇ ಮಗ್ಗುಲಿಗೆ ದಪ್ಪನಾಗಿ. ಹೀಗೆ ತೂಕ ತಪ್ಪಿ ತಿರುಗಿದರೆ ಬೇರಿಂಗ್ ಸವೆಯದೆ ಇನ್ನೇನಾದೀತು? ಮೋಟರಿನ ದಂಡವನ್ನು ಬೆರಳಲ್ಲಿ ತಿರುಗಿಸಿದರೆ ರಾಗಿಕಲ್ಲಿನ ಹಾಗೆ ಗರಗರ. ಮೋಟರಿನ ತಂತಿಸುರುಳಿ ಮಾತ್ರ ಸುಟ್ಟಿರಲಿಲ್ಲ, ಗಟ್ಟಿಯಾಗಿತ್ತು.

ಬೇರಿಂಗ್ ಮೇಲೆ 608 ಎಂದಿತ್ತು: ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22. ಸ್ಕೇಟ್‌ಬೋರ್ಡ್ ಚಕ್ರದ್ದೂ ಇದೇ ಅಳತೆ, ಆದರೆ ಅದನ್ನು ತಂದು ಹಾಕಬೇಡಿ. ಕಾವು ತಡೆಯುವ ಗ್ರೀಸಿನದೇ ಬೇಕು. ಜೋಡಿಗೆ 16 ಡಾಲರ್ ಆಯಿತು. ದಂಡಕ್ಕೆ ಕೂರಿಸುವಾಗ ಒಳಗಿನ ಬಳೆಯನ್ನಷ್ಟೇ ಒತ್ತಬೇಕು, ಹೊರಬಳೆಗೆ ಬಡಿದರೆ ಹೊಸತೂ ಅಲ್ಲೇ ಹಾಳು. ಸಂದು ಮುಚ್ಚುವ ಗ್ಯಾಸ್ಕೆಟ್ ಹೊಸದೇ ಹಾಕಿ. ಹಳತು ಬಿರುಕುಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಕ್ಕೇ ಬರುತ್ತದೆ, ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಅಮ್ಮನ ಎಣ್ಣೆ ಸಲ್ಲುವುದು ಕೋಣೆಯ ಬ್ಲೋವರ್‌ಗೆ. ನಮ್ಮದರಲ್ಲಿ ಗುಂಡಿನ ಬೇರಿಂಗ್ ಬದಲು ಬುಶ್ (ದಂಡ ತಿರುಗುವ ಲೋಹದ ಕೊಳವೆ) ಇದೆ, ಎಣ್ಣೆ ಬಿಡಲು ತೂತೂ ಇದೆ. ಚಳಿಗಾಲಕ್ಕೆ ಮುಂಚೆ ವಿದ್ಯುತ್ ಮೋಟರಿಗೆಂದೇ ಇರುವ 20 ಗ್ರೇಡಿನ ಎಣ್ಣೆ ಎರಡೇ ಹನಿ.

ಈಗ ಒಂದು ಟನ್, ಅಂದರೆ 50 ಮೂಟೆ ಉರಿದಾಗಲೆಲ್ಲ ಫ್ಯಾನ್ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಅದೇ ಹಳೇ ಮೋಟರ್ ಮೂರು ಚಳಿಗಾಲದಿಂದ ಸದ್ದಿಲ್ಲದೆ ಓಡುತ್ತಿದೆ. ಹೊಸ ಸ್ಟವ್ ಕೊಳ್ಳುವವರು ಅಂಗಡಿಯಲ್ಲೇ ಹಿಂಬದಿ ತೆಗೆಸಿ ನೋಡಿ: ಮೋಟರ್ ಸ್ಕ್ರೂ ಬಿಚ್ಚಿದರೆ ತೆರೆಯುತ್ತದೋ, ರಿವೆಟ್ ಹೊಡೆದು ಮುಚ್ಚಿಬಿಟ್ಟಿದ್ದಾರೋ ಅಂತ.