ಮೊಲದ ಯೂನಿಟ್ ತಗೊಳ್ಳೋ ಮುಂಚೆ ತಾಯಿ ಮೊಲ ತೂಗಿ ನೋಡಿ, ನನಗಾದದ್ದು ನಿಮಗೆ ಆಗಬಾರದು

ಮೊನ್ನೆ ಸಿಂಧನೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಇಲ್ಲಿ ಯಾರೋ ಬಂದಾರ, ಮೊಲದ ಯೂನಿಟ್ ಕೊಡ್ತಾರಂತ. ತೊಂಬತ್ತು ದಿನಕ್ಕ ಮರಿ ಎರಡು ಕೆಜಿ ಬರ್ತೈತಂತ, ಅವರ ವಾಪಸ್ ತಗೊಳ್ತಾರಂತ. ನೀವು ಹಾಕೀರಲ್ಲ, ಹೆಂಗೈತಿ?" ಅಂದ. ನನಗೆ ಗಂಟಲೇ ಕಟ್ಟಿತು. ಇಷ್ಟು ತಿಂಗಳು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಸ್ವಂತ ಅಕ್ಕನ ಮಗನಿಗೂ ಹೇಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಅವರು ಈಗ ನನ್ನ ಮನೆಯವರ ಬಾಗಿಲಿಗೇ ಬಂದಿದ್ದಾರೆ. ಅದಕ್ಕೇ ಬರೀತಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಕುಷ್ಟಗಿ ತಾಲೂಕು. ನಾಲ್ಕು ಎಕರೆ ಒಣ ಬೇಸಾಯ, ಜೊತೆಗೆ ಕುರಿ. ಅಪ್ಪನ ಕಾಲದಿಂದ ಕೆಂಗುರಿ ಸಾಕಿದ ಮನೆ. ಕೂಕನಪಳ್ಳಿ ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡದೆ, ಬೆನ್ನು ಹಿಚುಕಿ ನೋಡದೆ ಒಂದು ರೂಪಾಯಿ ಕೊಟ್ಟವನಲ್ಲ ನಾನು. ಅಂಥ ನಾನೇ ಮೊಲದ ವಿಷಯದಲ್ಲಿ ಏನೂ ನೋಡಲಿಲ್ಲ. ಇದನ್ನ ನೆನೆಸಿಕೊಂಡರೆ ಇವತ್ತಿಗೂ ರಾತ್ರಿ ನಿದ್ದೆ ಬರೋದಿಲ್ಲ.

ಯೂಟ್ಯೂಬ್‌ನಲ್ಲಿ ವಿಡಿಯೋ ನೋಡಿ ಮೊಲ ಮಾರುವವರ ಫಾರ್ಮಿಗೆ ಹೋದೆ. ಹೆದ್ದಾರಿ ಪಕ್ಕ, ದೊಡ್ಡ ಶೆಡ್ಡು. ಬಾಗಿಲ ಎದುರಿನ ಪಂಜರದಲ್ಲೇ ಒಂದು ಬಿಳಿ ಮೊಲ. ಎಡಗಿವಿಯ ತುದಿ ಹರಿದಿತ್ತು. ಅದನ್ನ ಎತ್ತಿ ನನ್ನ ತೊಡೆ ಮೇಲಿಟ್ಟರು. ಆಗ ತಾನೇ ಹುಟ್ಟಿದ ಕುರಿಮರಿಗಿಂತ ಭಾರ ಇತ್ತು, ನಾಲ್ಕೂವರೆ ಕೆಜಿ ಅಂದರು. "ನ್ಯೂಜಿಲೆಂಡ್ ವೈಟ್ ಸಾರ್. ಇದರ ವಂಶದ್ದೇ ನಿಮಗೆ ಬರೋದು." ಅದು ಮಾಂಸಕ್ಕೆ ಸಾಕುವ ದೊಡ್ಡ ತಳಿ. ಒಂದು ಯೂನಿಟ್ ಅಂದರೆ 7 ಹೆಣ್ಣು, 3 ಗಂಡು. ನಾನು ಎರಡು ಯೂನಿಟ್ ಒಪ್ಪಿಕೊಂಡೆ. ಪಂಜರ, ನೀರಿನ ನಿಪ್ಪಲ್ಲು ಎಲ್ಲ ಸೇರಿ 72,000. ಅದರಲ್ಲಿ 40,000 ನನ್ನ ಹೆಂಡತಿ ಸಂಘದಲ್ಲಿ ತೆಗೆದ ಸಾಲ.

ಬಾಂಡ್ ಪೇಪರ್ ಮೇಲೆ ಅಗ್ರಿಮೆಂಟ್ ಆಯಿತು. ಮರಿಗಳನ್ನ ಕೆಜಿಗೆ 220ರಂತೆ ಅವರೇ ಕೊಳ್ಳಬೇಕು. ಆದರೆ ಒಂದೊಂದೂ ಎರಡು ಕೆಜಿ ತುಂಬಿರಬೇಕು, ಕಡಿಮೆ ಇದ್ದರೆ ಕೊಳ್ಳುವ ಹೊಣೆ ಅವರದಲ್ಲ. ಈ ಸಾಲು ನಾನು ಓದಿದ್ದೆ. ಓದಿಯೇ ಸಹಿ ಮಾಡಿದೆ. ಎರಡು ಕೆಜಿ ಬಂದೇ ಬರುತ್ತೆ ಅಂತ ಅವರೇ ಹೇಳುವಾಗ ಇದರಲ್ಲಿ ತಪ್ಪೇನು ಅನ್ನಿಸಿತು. ಇಡೀ ಮೋಸ ಇರೋದು ಆ ಒಂದು ಸಾಲಿನಲ್ಲಿ. ಮುಂದೆ ಹೇಳ್ತೀನಿ.

ಕಾರ್ತಿಕದಲ್ಲಿ ಮಾಲು ಬಂತು. ರಾತ್ರಿ ಹನ್ನೊಂದಕ್ಕೆ, ಟಾಟಾ ಏಸ್‌ನಲ್ಲಿ, ಟೊಮ್ಯಾಟೊ ಕ್ರೇಟುಗಳಲ್ಲಿ ತುಂಬಿಕೊಂಡು ಬಂದರು. ಹಗಲು ತಂದರೆ ಬಿಸಿಲಿಗೆ ಸಾಯ್ತವೆ ಅಂದರು. ಕರೆಂಟು ಬೇರೆ ಇರಲಿಲ್ಲ. ಮೊಬೈಲ್ ಬೆಳಕಲ್ಲಿ ಇಳಿಸಿಕೊಂಡ್ವಿ. ಬೆಳಗ್ಗೆ ನೋಡಿದರೆ ಎಲ್ಲ ಬಿಳಿ, ಎಲ್ಲ ಕೆಂಗಣ್ಣು, ಆದರೆ ಸಣ್ಣವು. ಕೈಯಂದಾಜಿಗೆ ಒಂದೊಂದೂ ಒಂದೂವರೆ ಕೆಜಿ ಒಳಗೆ. ಫೋನ್ ಮಾಡಿದೆ. "ಎರಡೂವರೆ ತಿಂಗಳ ಮರಿ ಸಾರ್ ಅವು. ಬೆಳೀತಾವೆ. ಚಿಕ್ಕವು ಕೊಟ್ಟರೆ ನಿಮ್ಮ ಹವಾಕ್ಕೆ ಹೊಂದಿಕೊಳ್ತಾವೆ ಅಂತಲೇ ಕೊಟ್ಟಿದ್ದು" ಅಂದರು. ನಂಬಿದೆ.

ಹದಿನೇಳನೇ ದಿನ ಬೆಳಗಿನ ಜಾವ ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಒಂದು ಹೆಣ್ಣು ಮೊಲ ತನ್ನ ಎದೆಯ ಕೂದಲನ್ನ ತಾನೇ ಬಾಯಿಂದ ಕಿತ್ತು ಕಿತ್ತು ಪಂಜರದ ಮೂಲೆಗೆ ಒಯ್ದು ಹಾಕ್ತಿದೆ. ಬಾಯಿ ತುಂಬ ಬಿಳಿ ಅರಳೆ ಹಿಡಿದುಕೊಂಡ ಹಾಗೆ. ಹೊಟ್ಟೆಯ ಕೆಳಗೆಲ್ಲ ಬರಿ ಗುಲಾಬಿ ಚರ್ಮ. ಮಧ್ಯಾಹ್ನದ ಹೊತ್ತಿಗೆ ಆ ಕೂದಲಿನ ಗೂಡಿನೊಳಗೆ ನಾಲ್ಕು ಮರಿ, ಕಣ್ಣಿಲ್ಲ, ರೋಮ ಇಲ್ಲ, ಕಿರುಬೆರಳಿನಷ್ಟು. ನಾವು ಎಷ್ಟು ಸಂತೋಷಪಟ್ಟೆವು ಅಂದರೆ ಓಣಿಗೆಲ್ಲ ಸಕ್ಕರೆ ಹಂಚಿದೆವು. ಅವರಿಗೂ ಫೋನ್ ಮಾಡಿ ಹೇಳಿದೆ. "ನಿಮ್ಮ ಮನೆಗೆ ಲಕ್ಷ್ಮಿ ಬಂದಳು ಸಾರ್" ಅಂದ ಆ ಫಾರ್ಮಿನವನು. ಆ ಮಾತು ಈಗ ನೆನಪಾದರೆ ಮೈ ಉರಿಯುತ್ತೆ.

ಯಾಕೆ ಅಂದರೆ ಲೆಕ್ಕ ಹಾಕಿ. ಮೊಲದ ಗಬ್ಬ 30, 31 ದಿನ. ನನ್ನ ಮನೆಗೆ ಬಂದು 17 ದಿನ ಆಗಿತ್ತು. ಅಂದರೆ ಬರುವಾಗಲೇ ಗಬ್ಬ. ಎರಡೂವರೆ ತಿಂಗಳ ಮರಿ ಹೇಗೆ ಗಬ್ಬ ಆಗುತ್ತೆ? ದೊಡ್ಡ ತಳಿಯ ಹೆಣ್ಣು ಬೆದೆಗೆ ಬರೋಕೆ ಐದಾರು ತಿಂಗಳು ಬೇಕು. ಸಣ್ಣ ತಳಿಗೂ ನಾಲ್ಕು ತಿಂಗಳು ಬೇಕು. ಕುರಿ ಸಾಕಿದವನಿಗೆ ಇದು ಅವತ್ತೇ ಹೊಳೆಯಬೇಕಿತ್ತು. ಎದುರಿಗೇ ಇತ್ತು ಸಾಕ್ಷಿ, ನಾನು ಸಕ್ಕರೆ ಹಂಚಿದೆ.

ಮರಿಗಳು ಬೆಳೀಲಿಲ್ಲ. ತಿಂಗಳಿಗೆ 280 ಗ್ರಾಂ, ಎರಡು ತಿಂಗಳಿಗೆ 600, 650. ಒಳ್ಳೆಯ ಮಾಂಸದ ತಳಿ ತಾಯಿಯ ಹಾಲು ಬಿಡಿಸುವ ಹೊತ್ತಿಗೇ ಆ ತೂಕಕ್ಕೆ ಬಂದಿರುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ಕೇಳಿದರೆ "ಚಳಿ ಇದೆ ಸಾರ್, ಮೈ ಹಿಡಿಯಲ್ಲ". ಚಳಿಗಾಲವೇ ಮೊಲಕ್ಕೆ ಒಳ್ಳೆಯ ಕಾಲ! ಆಮೇಲೆ ಮಾರ್ಚ್‌ನಲ್ಲಿ ಕೇಳಿದರೆ "ಬಿಸಿಲು ಶುರುವಾಯ್ತಲ್ಲ ಸಾರ್, ತಿನ್ನಲ್ಲ". ಹಾಗಾದರೆ ನಮ್ಮ ಕೊಪ್ಪಳದಲ್ಲಿ ಯಾವ ತಿಂಗಳಲ್ಲಿ ಬೆಳೀತಾವೆ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ, ಕೈ ಮುಗಿದ ಚಿತ್ರ ಕಳಿಸಿದ.

ನೀರು ಸರಿಯಿಲ್ಲ ಅಂದರು, ಕ್ಯಾನ್ ನೀರು ತಂದು ಕುಡಿಸಿದೆ. ಫೀಡ್ ಸರಿಯಿಲ್ಲ ಅಂದರು, ಅವರದ್ದೇ ಪೆಲೆಟ್ ಚೀಲ ತರಿಸಿದೆ, ಪೇಟೆ ರೇಟಿಗಿಂತ ಜಾಸ್ತಿ ಕೊಟ್ಟು. ಹಸಿ ಮೇವು ಜಾಸ್ತಿ ಹಾಕ್ತೀರಿ ಅಂದರು. ಅವತ್ತು ನಾನು ಹೆಂಡತಿಯನ್ನ ಬೈದೆ. ದಿನಾ ನಸುಕಿನಲ್ಲಿ ಎದ್ದು ಕುದುರೆ ಮಸಾಲೆ ಸೊಪ್ಪು ಕೊಯ್ದು, ಇಬ್ಬನಿ ಆರುವ ತನಕ ಹರವಿ, ಆಮೇಲೆ ಹಾಕ್ತಿದ್ದವಳು ಅವಳು. "ನಿನ್ನ ಕೈಯಾಗ ಯಾವುದು ಉದ್ಧಾರ ಆಗೇತಿ" ಅಂದುಬಿಟ್ಟೆ. ಅವಳು ಏನೂ ಮಾತಾಡಲಿಲ್ಲ. 72,000 ಹೋಗಿದ್ದಕ್ಕಿಂತ ಈ ಮಾತು ಆಡಿದ್ದು ನನಗೆ ಜಾಸ್ತಿ ಚುಚ್ಚುತ್ತೆ. ಅವಳ ತಪ್ಪು ಏನೇನೂ ಇರಲಿಲ್ಲ.

ತೊಂಬತ್ತು ದಿನಕ್ಕೆ ತೂಕ 900 ಗ್ರಾಂನಿಂದ 1 ಕೆಜಿ 50 ಗ್ರಾಂ. ಒಂದೂ ಎರಡು ಕೆಜಿ ಹತ್ತಿರಕ್ಕೂ ಬರಲಿಲ್ಲ. ಮತ್ತೆ ಫೋನ್. "ಬೇರೆ ರೈತರಿಗೆಲ್ಲ ಬಂದಿದೆ ಸಾರ್, ನಿಮಗೊಬ್ಬರಿಗೇ ಯಾಕೆ ಬರಲ್ಲ? ಮ್ಯಾನೇಜ್‌ಮೆಂಟ್ ನೋಡ್ಕೊಳ್ಳಿ" ಅಂತ ಹೇಳಿ ಒಂದು ಫೋಟೋ ಕಳಿಸಿದ. ಯಾರೋ ಒಬ್ಬರು ದೊಡ್ಡ ಬಿಳಿ ಮೊಲ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾರೆ. "ಗದಗ ರೈತರದ್ದು, ತೊಂಬತ್ತೈದು ದಿನದ ಮರಿ." ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಿವಿಯ ತುದಿ ಹರಿದಿತ್ತು. ನನ್ನ ತೊಡೆ ಮೇಲೆ ಇಟ್ಟಿದ್ದರಲ್ಲ, ಅದೇ ಮೊಲ. ಫೋನ್ ಹಿಡಿದ ಕೈ ನಡುಗಿತು. ಅವತ್ತೇ ಗೊತ್ತಾಗಿದ್ದು ನನಗೆ, ಬೇಕಂತಲೇ ಮಾಡಿದ್ದಾರೆ ಅಂತ.

ಏಪ್ರಿಲ್‌ನಲ್ಲಿ ಪಶು ಆಸ್ಪತ್ರೆಯ ಡಾಕ್ಟರನ್ನ ಕರೆಸಿದೆ. ಮೂರು ತಿಂಗಳ ಮೊದಲೇ ಕರೆಸಬೇಕಿತ್ತು, ಕುರಿ ಡಾಕ್ಟರಿಗೆ ಮೊಲ ಏನು ಗೊತ್ತಿರುತ್ತೆ ಅಂತ ಫಾರ್ಮಿನವರು ಹೇಳಿದ್ದನ್ನ ಕೇಳಿ ಸುಮ್ಮನಿದ್ದೆ. ಡಾಕ್ಟರು ಮರಿ ನೋಡಲೇ ಇಲ್ಲ. "ತಾಯಿನ ತೂಗೀರೇನು?" ಅಂತ ಕೇಳಿದರು. ಇಲ್ರಿ ಅಂದೆ. ಕಿರಾಣಿ ಅಂಗಡಿಯ ತೂಕದ ಯಂತ್ರ ತಂದು ಬುಟ್ಟಿಯಲ್ಲಿ ಕೂರಿಸಿ ತೂಗಿದೆವು. 1 ಕೆಜಿ 870. ಇನ್ನೊಂದು 1 ಕೆಜಿ 920. ಎಲ್ಲಕ್ಕಿಂತ ದೊಡ್ಡದು 2 ಕೆಜಿ 140. ಡಾಕ್ಟರು ಅಂದರು, "ಯಜಮಾನ್ರ, ತಾಯಿನ ಎರಡು ಕೆಜಿ ಇಲ್ಲ. ಮೂರು ತಿಂಗಳ ಮರಿ ಎಲ್ಲಿಂದ ಎರಡು ಕೆಜಿ ಆಗಬೇಕ್ರಿ?"

ಇಷ್ಟೇ ಮಾತು. ಇಷ್ಟೇ. ಕಾಲು ಹಿಡಿದು ಉಗುರು ತೋರಿಸಿದರು. ಎಳೆಯ ಮೊಲದ ಉಗುರು ಪಾದದ ರೋಮದೊಳಗೆ ಮುಚ್ಚಿಕೊಂಡಿರುತ್ತೆ, ಬಲಿತದ್ದರ ಉಗುರು ಹೊರಗೆ ಬಂದು ಬಾಗಿರುತ್ತೆ. ನನ್ನವೆಲ್ಲ ಬಾಗಿದ್ದವು. ಅವು ಬೆಳೆಯೋ ಮರಿಗಳಲ್ಲ, ಬೆಳೆದು ಮುಗಿದಿದ್ದ ಸಣ್ಣ ಜವಾರಿ ಮೊಲ, ಅಂಗಡಿಯಲ್ಲಿ ಮಕ್ಕಳು ಆಡೋಕೆ ಅಂತ ಮಾರ್ತಾರಲ್ಲ ಅಂಥವು. ಬಿಳಿ ಮೈ, ಕೆಂಗಣ್ಣು ಇದ್ದ ಮಾತ್ರಕ್ಕೆ ನ್ಯೂಜಿಲೆಂಡ್ ವೈಟ್ ಆಗೋದಿಲ್ಲ. ಬಣ್ಣ ಯಾವ ತಳಿಗೆ ಬೇಕಾದರೂ ಬರುತ್ತೆ, ಗಾತ್ರ ಬರೋದಿಲ್ಲ. ನಿಜವಾದ ನ್ಯೂಜಿಲೆಂಡ್ ವೈಟ್ ಬಲಿತರೆ ನಾಲ್ಕರಿಂದ ಐದು ಕೆಜಿ. ಸೋವಿಯತ್ ಚಿಂಚಿಲ್ಲಾ, ಗ್ರೇ ಜೈಂಟ್, ವೈಟ್ ಜೈಂಟ್ ಕೂಡ ಹಾಗೇ ದೊಡ್ಡವು. ಅಂಥ ತಾಯಿಯ ಮರಿ ಚೆನ್ನಾಗಿ ತಿಂದರೆ ಹನ್ನೆರಡು ವಾರಕ್ಕೆ ಎರಡು ಕೆಜಿ ಆಸುಪಾಸು ಬರುತ್ತೆ. ಸಣ್ಣ ತಳಿ ಎಷ್ಟು ತಿಂದರೂ ಎರಡು ಕೆಜಿ ಸುತ್ತ ಮುತ್ತ ಬಂದು ನಿಂತುಬಿಡುತ್ತೆ.

ಈಗ ಆ ಅಗ್ರಿಮೆಂಟಿನ ಸಾಲು ನೆನಪು ಮಾಡಿಕೊಳ್ಳಿ. ಎರಡು ಕೆಜಿಗೆ ಕಡಿಮೆ ಇದ್ದರೆ ಕೊಳ್ಳೋದಿಲ್ಲ. ತೊಂಬತ್ತು ದಿನಕ್ಕೆ ಎರಡು ಕೆಜಿ ಆಗಲಾರದ ತಳಿ ಕೊಟ್ಟು, ಎರಡು ಕೆಜಿ ಆದರೆ ಕೊಳ್ತೀವಿ ಅಂತ ಬರೆಸಿಕೊಂಡಿದ್ದಾರೆ. ಅವರು ಯಾವತ್ತೂ ಒಂದು ಮರಿಯನ್ನೂ ಕೊಳ್ಳಬೇಕಾಗಿಲ್ಲ. ಚಳಿ, ಬಿಸಿಲು, ನೀರು, ಮೇವು ಅಂದದ್ದೆಲ್ಲ ದಿನ ತಳ್ಳೋಕೆ.

ಬಿಸಿಲಿನ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಮೊಲಕ್ಕೆ ಬೆವರು ಬರೋದಿಲ್ಲ, 35 ಡಿಗ್ರಿ ದಾಟಿದರೆ ಏದುಸಿರು ಬಿಡ್ತಾವೆ, ಮೇವು ಬಿಡ್ತಾವೆ, ಗಂಡಿನ ಬೀಜದ ಶಕ್ತಿಯೂ ಕುಂದುತ್ತೆ. ನಮ್ಮಲ್ಲಿ 40 ದಾಟಿದ ವಾರ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಸತ್ತವು, ಗೋಣಿಚೀಲ ತೋಯಿಸಿ ಕಟ್ಟಿದರೂ ಉಳೀಲಿಲ್ಲ. ಕೆಲವು ಮರಿಗಳಿಗೆ ಕಾಕ್ಸಿಡಿಯಾ ರೋಗ ಇತ್ತು, ಹೊಟ್ಟೆ ಡುಬ್ಬಾಗಿ ಬೆನ್ನೆಲುಬು ಎದ್ದಿತ್ತು, ಅದಕ್ಕೆ ಡಾಕ್ಟರು ನೀರಿನಲ್ಲಿ ಔಷಧಿ ಕೊಟ್ಟರು. ಇವೂ ಬೆಳವಣಿಗೆ ತಡೀತಾವೆ. ಆದರೆ ಔಷಧಿಯಿಂದ ತಳಿ ಬದಲಾಗುತ್ತಾ?

ತಾಯಿ ತೂಕದ ಫೋಟೋ ಕಳಿಸಿದ ಮೇಲೆ ಫಾರ್ಮಿನವನ ಧಾಟಿಯೇ ಬದಲಾಯ್ತು. ಮೊದಲು, "ನಮ್ಮ ದೊಡ್ಡ ಗಂಡು ಹಾಕಿ ಸಾರ್, ತಳಿ ಸುಧಾರಿಸುತ್ತೆ, ಒಂದಕ್ಕೆ 6,500." ಅಂದರೆ ಇನ್ನೂ ಕೀಳಬೇಕು! ಬೇಡ, ನನ್ನ ದುಡ್ಡು ವಾಪಸ್ ಕೊಡಿ ಅಂದೆ. "ನೀವೇ ಮೊಲ ಬದಲಾಯಿಸಿದ್ದೀರಿ ಅಂತ ನಾವು ಹೇಳಬಹುದಲ್ವಾ? ನಾವು ಕೊಟ್ಟಿದ್ದು ಇವೇ ಅನ್ನೋಕೆ ಏನು ಪ್ರೂಫ್ ಇದೆ?" ಅಂದ. ಆಮೇಲೆ ಬ್ಲಾಕ್ ಮಾಡಿದ. ಪ್ರೂಫ್ ಇರಲಿಲ್ಲ. ಬಿಲ್‌ನಲ್ಲಿ ಬರೀ "ಮೊಲ, 2 ಯೂನಿಟ್" ಅಂತ ಇದೆ. ತಳಿ ಇಲ್ಲ, ವಯಸ್ಸು ಇಲ್ಲ, ತೂಕ ಇಲ್ಲ. ರಾತ್ರಿ ತಂದಿದ್ದೂ ಅದಕ್ಕೇ ಅಂತ ಈಗ ಅನ್ನಿಸುತ್ತೆ.

ತಗೊಳ್ಳೋರಿಗೆ ನಾನು ಹೇಳೋದು ಇಷ್ಟು. ಎದುರಿಗೆ ಇಟ್ಟ ಒಂದು ದೊಡ್ಡ ಮೊಲ ನೋಡಿ ಮರುಳಾಗಬೇಡಿ, ನಿಮಗೆ ಕೊಡುವ ಮರಿಯ ತಾಯಿ, ತಂದೆಯನ್ನ ನಿಮ್ಮ ಕಣ್ಣೆದುರು ತೂಗಿಸಿ. ಹಗಲಲ್ಲೇ ತಗೊಳ್ಳಿ, ವಿಡಿಯೋ ಮಾಡಿ, ಉಗುರು ನೋಡಿ. ಬಿಲ್‌ನಲ್ಲಿ ತಳಿ, ವಯಸ್ಸು, ತೂಕ ಬರೆಸದೆ ದುಡ್ಡು ಕೊಡಬೇಡಿ. ಎರಡು ಯೂನಿಟ್ ಬೇಡ, ಎರಡೇ ಮೊಲ ತಂದು ನಮ್ಮ ಒಂದು ಬೇಸಿಗೆ ನೋಡಿ. ಗಂಗಾವತಿ, ಹಗರಿ, ರಾಯಚೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮೊದಲು ಅಲ್ಲಿ ಕೇಳಿ, ನನ್ನ ಹಾಗೆ ಕೊನೆಗೆ ಅಲ್ಲ. ಬೈಬ್ಯಾಕ್, ಅಂದರೆ ಮರಿ ನಾವೇ ವಾಪಸ್ ಕೊಳ್ತೀವಿ, ಅಂದವರನ್ನ ನಾನಂತೂ ಜನ್ಮದಲ್ಲಿ ನಂಬೋದಿಲ್ಲ.

ಈಗಾಗಲೇ ಸಿಕ್ಕಿಬಿದ್ದವರಿಗೆ: ಗ್ರಾಹಕರ ಸಹಾಯವಾಣಿ 1915. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ತಗೊಂಡಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಎರಡು ವರ್ಷದ ಒಳಗೆ ದೂರು ಕೊಡಬೇಕು, ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಫೀಸಿಲ್ಲ. 2019ರ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು ಅಂತ ಕೊಪ್ಪಳದ ವಕೀಲರು ಹೇಳಿದರು. ಬ್ಲಾಕ್ ಮಾಡುವ ಮುಂಚಿನ ವಾಟ್ಸಾಪ್ ಮಾತು, ವಾಯ್ಸ್ ಮೆಸೇಜು ಎಲ್ಲ ಉಳಿಸಿಕೊಂಡಿದ್ದೇನೆ, ಹರಿದ ಕಿವಿಯ ಫೋಟೋ ಸಮೇತ. ಅದೇ "ಎರಡು ಕೆಜಿ" ಸಾಲು ಇರುವ ಅಗ್ರಿಮೆಂಟ್ ಇನ್ನೂ ಯಾರ ಹತ್ತಿರ ಇದ್ದರೂ ನನಗೆ ತಿಳಿಸಿ. ಒಬ್ಬನೇ ಹೋದರೆ ನಾನೇ ಮೊಲ ಬದಲಾಯಿಸಿದೆ ಅಂತಾರೆ. ಹತ್ತು ಮಂದಿ ಹೋದರೆ ಹಾಗನ್ನೋಕೆ ಆಗೋದಿಲ್ಲ.

ಅಕ್ಕನ ಮಗ ಅಡ್ವಾನ್ಸ್ ಕೊಟ್ಟಿರಲಿಲ್ಲ.